ಜಮಖಾನದ ಬಣ್ಣವೂ ಬಣ್ಣಗಾರರ ಕೂಲಿಯೂ

ನಮ್ಮ ಸಂಘದ ಸಭಾಗೃಹದಲ್ಲಿ ಹಾಸುತ್ತಿದ್ದ ಜಮಖಾನ ಹರಿದು ಎರಡು ವರ್ಷವಾಯಿತು. ಅಂದಿನಿಂದ ರಾಜ್ಯೋತ್ಸವಕ್ಕೆ ಬಂದ ಹಿರಿಯರನ್ನೂ ಮಕ್ಕಳನ್ನೂ ಪ್ಲಾಸ್ಟಿಕ್ ಚಾಪೆಯ ಮೇಲೆ ಕೂರಿಸುತ್ತಿದ್ದೇವೆ. ಹೊಸ ಜಮಖಾನ ಕೊಳ್ಳುವ ವಿಚಾರ ಕಳೆದ ಕಾರ್ಯಕಾರಿ ಸಮಿತಿಯ ಸಭೆಗೆ ಬಂತು. ಮಿಲ್ಲಿನಲ್ಲಿ ತಯಾರಾದ ಕಾರ್ಪೆಟ್ಟೇ ಸಾಕೆಂದು ಒಬ್ಬರು ಹೇಳಿದರು. ನಮ್ಮ ನಾಡಿನ ನವಲಗುಂದದ ಕೈಮಗ್ಗದ ಜಮಖಾನವೇ ಆಗಬೇಕೆಂದು ಇನ್ನೊಬ್ಬರು ಹಟ ಹಿಡಿದರು. ಅಷ್ಟು ದೂರ ಹೋಗುವುದಾದರೆ ಬೇರು, ತೊಗಟೆ, ಸಿಪ್ಪೆಗಳಿಂದ ಬಣ್ಣ ಹಾಕಿದ ನೂಲಿನದನ್ನೇ ತರಿಸೋಣ, ಪುಡಿಬಣ್ಣದ್ದು ಬೇಡ ಎಂದು ಮೂರನೆಯವರು ಸೇರಿಸಿದರು. ಬೆಲೆ ಎಷ್ಟಾದೀತೆಂದು ಖಜಾಂಚಿಗಳು ಕೇಳಿದಾಗ ಮೂವರೂ ಸುಮ್ಮನಾದರು. ವಿಚಾರ ಈಗ ಮಹಾಸಭೆಯ ಮುಂದಿದೆ. ಸಭೆ ಸೇರುವ ಮೊದಲು ಈ ಬಗ್ಗೆ ನಮಗೆ ತೋಚಿದ ನಾಲ್ಕು ಮಾತುಗಳನ್ನು ಸದಸ್ಯ ಬಂಧುಗಳ ಮುಂದಿಡುತ್ತೇವೆ.

ನೆಲಕ್ಕೆ ಹಾಸುವ ಬಟ್ಟೆಯ ವಿಷಯಕ್ಕೆ ಇಷ್ಟು ಬರೆಯಬೇಕೇ ಎಂದು ಕೆಲವರು ನಗಬಹುದು. ದುಡಿಯುವವರ ಸಂಘವೊಂದು ವಸ್ತುವನ್ನು ಕೊಳ್ಳುವಾಗ ಅದನ್ನು ಮಾಡಿದವರಿಗೆ ಕೂಲಿ ಸಂದಿತೇ ಎಂದು ಕೇಳಬೇಕೇ ಬೇಡವೇ ಎಂಬುದು ಇಲ್ಲಿರುವ ಪ್ರಶ್ನೆ. ಕೇಳಬೇಕೆಂದೇ ನಮ್ಮ ಮತ.

ಚೀಟಿಯಲ್ಲಿಲ್ಲದ ಹೆಸರು

ಕೆಲವು ತಿಂಗಳ ಹಿಂದೆ ಈ ಊರಿನ ಒಂದು ಪ್ರದರ್ಶನಕ್ಕೆ ಹೋಗಿದ್ದೆವು. ಕೈಮಗ್ಗದ ನೆಲಹಾಸುಗಳನ್ನು ಗೋಡೆಗೆ ತೂಗುಹಾಕಿದ್ದರು. ನೋಡಲು ಬಹಳ ಚೆನ್ನಾಗಿದ್ದವು. ಒಂದಕ್ಕೆ ಕಟ್ಟಿದ್ದ ಚೀಟಿಯಲ್ಲಿ ನೀಲಿ, ಮಂಜಿಷ್ಠ, ದಾಳಿಂಬೆ ಸಿಪ್ಪೆ ಎಂದು ಮೂರು ಹೆಸರುಗಳು ಅಂದವಾಗಿ ಅಚ್ಚಾಗಿದ್ದವು. ಬೆಲೆಯೋ ಒಬ್ಬ ಸಪ್ಲೈಯರನ ಎರಡು ತಿಂಗಳ ಸಂಬಳಕ್ಕೆ ಹತ್ತಿರ. ನೂಲಿಗೆ ಬಣ್ಣ ಹಾಕಿದವರು ಯಾರಮ್ಮ ಎಂದು ಮಳಿಗೆಯ ಹುಡುಗಿಯನ್ನು ಕೇಳಿದೆವು. ಅವಳು ಪಾಪ, ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಅದು ನ್ಯಾಚುರಲ್ ಸಾರ್” ಎಂದಳು. ಗಿಡವೇ ನಡೆದುಬಂದು ನೂಲಿಗೆ ಬಣ್ಣ ಹಚ್ಚಿ ಹೋಯಿತೆಂಬಂತಿತ್ತು ಆ ಉತ್ತರ. ಗಿಡಕ್ಕೆ ಹೆಸರುಂಟು, ಮಾರುವ ಅಂಗಡಿಗೆ ಹೆಸರುಂಟು. ಕೊಪ್ಪರಿಗೆಯ ಮುಂದೆ ಹೊಗೆ ಕುಡಿದವರಿಗೆ ಹೆಸರಿಲ್ಲ.

ಹೊಟೇಲಿನಲ್ಲಿ ದುಡಿದ ನಮಗೆ ಇದು ಹೊಸತೇನಲ್ಲ. ಬೋರ್ಡಿನಲ್ಲಿ ಉಡುಪಿಯ ಹೆಸರಿರುತ್ತದೆ. ಗಿರಾಕಿ ಸಾಂಬಾರನ್ನು ಹೊಗಳುತ್ತಾನೆ. ಒಳಗೆ ಬೆಂಕಿಯ ಮುಂದೆ ನಿಂತ ಭಟ್ಟರನ್ನೂ ಲೋಟ ತೊಳೆಯುವ ಹುಡುಗನನ್ನೂ ಯಾರು ವಿಚಾರಿಸುತ್ತಾರೆ?

ಬಣ್ಣವೂ ಒಂದು ಅಡುಗೆಯೇ

ನೂಲಿಗೆ ಗಿಡದ ಬಣ್ಣ ಹಾಕುವ ಕ್ರಮವನ್ನು ಹತ್ತಿರದಿಂದ ನೋಡಿದರೆ ನಮ್ಮ ಅಡುಗೆಮನೆಯ ಕೆಲಸವೇ ನೆನಪಾಗುತ್ತದೆ. ಹತ್ತಿಯ ನೂಲು ಲಡಿಲಡಿಯಾಗಿ ಬರುತ್ತದೆ. ಅದರಲ್ಲಿ ಹತ್ತಿಯ ಜಿಡ್ಡು ಇರುವುದರಿಂದ ಬಣ್ಣ ನೇರವಾಗಿ ಹಿಡಿಯದು. ಮೊದಲು ಸೋಡಾ ಹಾಕಿದ ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ ಒಗೆಯಬೇಕು. ಬಳಿಕ ಅಳಲೆಕಾಯಿಯ ಪುಡಿ ಕದಡಿದ ನೀರಿನಲ್ಲಿ ನೆನೆಹಾಕಿ, ಹಿಂಡಿ, ಒಣಗಿಸಬೇಕು. ಅದರ ಮೇಲೆ ಪಟಿಕದ ನೀರು. ಕ್ಷೌರದಂಗಡಿಯಲ್ಲಿ ಗಾಯಕ್ಕೆ ಸವರುತ್ತಾರಲ್ಲ, ಅದೇ ಪಟಿಕ. ಅಳಲೆಯ ಒಗರೂ ಪಟಿಕವೂ ಸೇರಿ ನೂಲಿಗೂ ಬಣ್ಣಕ್ಕೂ ನಡುವೆ ಕೊಂಡಿಯಾಗುತ್ತವೆ. ಈ ಕೊಂಡಿ ಇಲ್ಲದಿದ್ದರೆ ಒಗೆದಾಗ ಬಣ್ಣ ನೀರಿನೊಂದಿಗೆ ಹೊರಟುಹೋಗುತ್ತದೆ. ಇಷ್ಟಾದ ಮೇಲೆ ಮಂಜಿಷ್ಠದ ಬೇರನ್ನು ಕುಟ್ಟಿ, ನೆನೆಸಿ, ಕಷಾಯ ಇಳಿಸಬೇಕು. ಲಡಿಗಳನ್ನು ಅದರಲ್ಲಿ ಮುಳುಗಿಸಿ ಉರಿಯನ್ನು ಮೆಲ್ಲಗೆ ಏರಿಸುತ್ತ, ಕೋಲಿನಿಂದ ತಿರುಗಿಸುತ್ತ ಇರಬೇಕು. ಕೈ ಬಿಟ್ಟರೆ ಒಂದು ಮಗ್ಗುಲು ಗಾಢ, ಒಂದು ಮಗ್ಗುಲು ತೆಳು. ಡಿಕಾಕ್ಷನ್ ಇಳಿಸುವ ಭಟ್ಟರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀಲಿಯದು ಬೇರೆಯೇ ದಾರಿ. ನೀಲಿ ಬರಿಯ ನೀರಿನಲ್ಲಿ ಕರಗುವುದಿಲ್ಲ. ಸುಣ್ಣ, ಬೆಲ್ಲ, ಬೇಯಿಸಿದ ತಗಚೆಬೀಜ ಇವುಗಳೊಂದಿಗೆ ಅದನ್ನು ಮಡಕೆಯಲ್ಲಿ ಹುಳಿಬರಿಸುವುದು ದಕ್ಷಿಣ ದೇಶದ ಹಳೆಯ ಕ್ರಮ. ತಗಚೆಯೆಂದರೆ ನಮ್ಮ ಕರಾವಳಿಯವರು ಆಟಿ ತಿಂಗಳಲ್ಲಿ ಪಲ್ಯ ಮಾಡಿ ತಿನ್ನುವ ತಜಂಕು. ದೋಸೆಹಿಟ್ಟು ಹುಳಿಬಂದಿತೇ ಎಂದು ಮೂಗಿನಿಂದ ತಿಳಿಯುವಂತೆ ನೀಲಿಯ ಮಡಕೆ ಹದವಾಯಿತೇ ಎಂಬುದನ್ನೂ ಮೂಗಿನಿಂದ, ಕಣ್ಣಿನಿಂದ ತಿಳಿಯಬೇಕು. ಅದ್ದಿ ತೆಗೆದ ನೂಲು ಮೊದಲು ಹಳದಿಹಸುರಾಗಿದ್ದು, ಗಾಳಿ ತಾಗಿದಂತೆ ನೀಲಿಗೆ ತಿರುಗುತ್ತದೆ. ಗಾಢವಾಗಬೇಕಾದರೆ ಮತ್ತೆ ಮತ್ತೆ ಅದ್ದಬೇಕು, ನಡುನಡುವೆ ಗಾಳಿಗೆ ಹಿಡಿಯಬೇಕು. ಈ ನೀಲಿಯ ಗಿಡ ದೂರದ್ದೇನೂ ಅಲ್ಲ. ಚೆನ್ನೈಯಿಂದ ತಿರುಚ್ಚಿಗೆ ಹೋಗುವ ದಾರಿಯಲ್ಲಿ ಸಿಗುವ ತಿಂಡಿವನಂ ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ಅದನ್ನು ಬೆಳೆದು ಬಣ್ಣ ತೆಗೆಯುತ್ತಾರೆ.

ಈಗ ಲೆಕ್ಕ ನೋಡೋಣ. ಕಾರ್ಖಾನೆಯ ಪುಡಿಬಣ್ಣವಾದರೆ 1 ಕಿಲೋ ನೂಲಿಗೆ 20 ರಿಂದ 40 ಗ್ರಾಂ ಸಾಕು. ಕೆಲವೇ ಗಂಟೆಗಳಲ್ಲಿ ಕೆಲಸ ಮುಗಿಯುತ್ತದೆ. ಬೇರಿನ ಬಣ್ಣಕ್ಕೆ ಅದೇ 1 ಕಿಲೋ ನೂಲಿಗೆ ನೂರಾರು ಗ್ರಾಂ ಬೇರು ಬೇಕು. ಅದಕ್ಕಿಂತ ಹೆಚ್ಚಾಗಿ ದಿನಗಳು ಬೇಕು. ಕುದಿಸಿ ಒಗೆಯಲು ಒಂದು ದಿನ, ಅಳಲೆಗೆ ಒಂದು, ಪಟಿಕಕ್ಕೆ ಒಂದು, ಬಣ್ಣಕ್ಕೆ ಒಂದು, ಒಣಗಿಸಲು ಒಂದು. ಮಳೆ ಹಿಡಿದರೆ ಇನ್ನೆರಡು. ಈ ದಿನಗಳ ಕೂಲಿಯನ್ನು ಯಾರಾದರೊಬ್ಬರು ಕೊಡಲೇಬೇಕು. ಕೊಳ್ಳುವವರು ಕೊಡದಿದ್ದರೆ ಮಾಡುವವರು ತಮ್ಮ ಹೊಟ್ಟೆ ಕಟ್ಟಿ ಕೊಡುತ್ತಾರೆ.

ನವಲಗುಂದದಲ್ಲಿ ಕೇಳಿದ್ದು

ನವಲಗುಂದವೆಂದ ಕೂಡಲೆ ಚಳವಳಿಯಲ್ಲಿ ಬೆಳೆದವರಿಗೆ 1980ರ ಜುಲೈ 21 ನೆನಪಾಗುತ್ತದೆ. ಮಲಪ್ರಭಾ ಕಾಲುವೆಯ ಕರದ ವಿರುದ್ಧ ನರಗುಂದ, ನವಲಗುಂದಗಳ ರೈತರು ಎದ್ದು ನಿಂತು ಗುಂಡೇಟು ತಿಂದ ದಿನ ಅದು. ಧಾರವಾಡ ಜಿಲ್ಲೆಯ ಅದೇ ಊರಿನಲ್ಲಿ ಮುಸಲ್ಮಾನ ಮನೆತನಗಳ ಹೆಂಗಸರು ತಲೆಮಾರುಗಳಿಂದ ಜಮಖಾನ ನೇಯುತ್ತ ಬಂದಿದ್ದಾರೆ. ಆದಿಲಶಾಹಿಯ ಕಾಲದಲ್ಲಿ ಯುದ್ಧದ ಭಯಕ್ಕೆ ಬಿಜಾಪುರ ಬಿಟ್ಟು ಬಂದವರು ತಮ್ಮ ಹಿರಿಯರೆಂದು ಹೇಳುತ್ತಾರೆ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಬಣ್ಣದ ನೂಲನ್ನು ಕೈಯಿಂದಲೇ ತೂರಿಸಿ, ಪಂಜದಿಂದ ಬಡಿದು ಬಿಗಿಮಾಡುತ್ತಾರೆ. ನವಿಲು, ಪಗಡೆಯ ಹಾಸು, ಹೂಬಳ್ಳಿ ಇವು ಅವರ ಚಿತ್ತಾರಗಳು. ವಿದ್ಯೆ ಮನೆ ಬಿಟ್ಟು ಹೋಗಬಾರದೆಂದು ಮಗಳಿಗಿಂತ ಸೊಸೆಗೆ ಕಲಿಸುವ ವಾಡಿಕೆ ಇತ್ತಂತೆ. ಈ ಜಮಖಾನಕ್ಕೆ ಭೌಗೋಳಿಕ ಗುರುತಿನ ಸರಕಾರಿ ಮುದ್ರೆಯೂ ದೊರೆತಿದೆ. ಆದರೆ ನೇಯುವ ಕೈಗಳು ಮಾತ್ರ ಕಡಿಮೆಯಾಗುತ್ತಲೇ ಬಂದಿವೆ.

ಹೋದ ವರ್ಷ ಸಂಘದ ಕೆಲಸಕ್ಕೆ ಹುಬ್ಬಳ್ಳಿಗೆ ಹೋದಾಗ ಬಸ್ಸು ಹತ್ತಿ ನವಲಗುಂದಕ್ಕೂ ಹೋಗಿಬಂದೆವು. ವಯಸ್ಸಾದ ಒಬ್ಬ ನೇಕಾರ ತಾಯಿ ಚಹ ಕೊಟ್ಟು ಮಾತಾಡಿಸಿದರು. ಗಿಡದ ಬಣ್ಣದ ವಿಚಾರ ತೆಗೆದಾಗ ಅವರು ಹೇಳಿದ್ದು ಇದು:

“ನಮ್ಮತ್ತಿಯವರ ಅತ್ತಿ ಕಾಲದಾಗ ಬೇರು ಕುದಿಸಿ ಬಣ್ಣ ಹಾಕೂದು ಇತ್ತಂತ್ರೀ ಅಣ್ಣಾರ. ನಾವು ಬಂದಾಗಿಂದ ಪುಡಿ ಬಣ್ಣಾನ. ನಡುವ ಯಾರೋ ಬಂದು ಕಲಿಸಿಕೊಟ್ರು, ಒಂದು ಆರ್ಡರಿಗೆ ಹಾಕಿದ್ವಿ. ಒಂದು ಲಡಿ ಚಲೋ ಕೆಂಪಾತು, ಇನ್ನೊಂದು ಸ್ವಲ್ಪ ಮಬ್ಬಾತು. ಎರಡೂ ಕೆಂಪು ಕೂಡೂದಿಲ್ಲಂತ ಸಾವಕಾರ ಮಾಲು ವಾಪಸ್ ಮಾಡಿದ. ನೂಲಿನ ರೊಕ್ಕ ನಮ್ಮ ಮ್ಯಾಲ ಬಂತು.”

“ಮತ್ತೆ ಹಾಕಲಿಲ್ಲವೇ ಅಕ್ಕಾ?” ಎಂದೆವು.

“ಇಲ್ರೀ. ಬಣ್ಣ ಭಾಳ ಚಂದಿತ್ತು. ಹೊಟ್ಟಿ ಕೇಳಬೇಕಲ್ರೀ.”

ಈ ಮಾತು ನಮ್ಮನ್ನು ಬಿಡದೆ ಕಾಡಿದೆ. ಗಿಡದ ಬಣ್ಣ ಪ್ರತಿಸಲವೂ ಒಂದೇ ಸಮನಾಗಿ ಬರುವುದಿಲ್ಲ. ಬೇರು ಯಾವ ಹೊಲದ್ದು, ಎಷ್ಟು ವರ್ಷದ್ದು, ನೀರು ಗಡಸೋ ಮೆದುವೋ, ಬಿಸಿಲು ಎಷ್ಟಿತ್ತು ಎಂಬುದರ ಮೇಲೆಲ್ಲ ಅದು ಹೋಗುತ್ತದೆ. ಇದು ಗಿಡದ ಗುಣ, ಬಣ್ಣ ಹಾಕಿದವರ ತಪ್ಪಲ್ಲ. ಆದರೂ ನಷ್ಟ ಅವರ ತಲೆಗೆ ಬಂತು.

ನಾವು ಏಳನೆಯ ತರಗತಿ ಮುಗಿಸಿ ಈ ಊರಿಗೆ ಬಂದು ಕ್ಲೀನರಾಗಿ ನಿಂತ ಮೊದಲ ಹೊಟೇಲಿನಲ್ಲಿ ಒಡೆದ ಗ್ಲಾಸಿನ ದುಡ್ಡನ್ನು ಸಂಬಳದಲ್ಲಿ ಹಿಡಿಯುತ್ತಿದ್ದರು. ತಣ್ಣಗಿದ್ದ ಗಾಜು ಕುದಿನೀರಿಗೆ ಬಿದ್ದರೆ ಬಿರಿಯುವುದು ಗಾಜಿನ ಗುಣ. ಹಾಗೆ ತೊಳೆಯಿರೆಂದು ಅವಸರ ಮಾಡುತ್ತಿದ್ದವರು ಮೇಸ್ತ್ರಿಗಳೇ. ದುಡ್ಡು ಮಾತ್ರ ನಮ್ಮದು. ಒಂದು ತಿಂಗಳು ಊರಿಗೆ ಕಳಿಸಬೇಕಾದ ಹಣದಲ್ಲಿ ಕಾಲು ಭಾಗ ಗ್ಲಾಸಿಗೆ ಹೋಯಿತು. ಮನೆಗೆ ಏನೆಂದು ಬರೆಯುವುದು? ಆ ಕಡಿತವನ್ನು ನಿಲ್ಲಿಸಬೇಕೆಂದೇ ನಾವು ಮೊದಲ ಬಾರಿ ನಾಲ್ಕು ಮಂದಿ ಕೂಡಿ ಯಜಮಾನರ ಮುಂದೆ ನಿಂತದ್ದು. ನವಲಗುಂದದ ತಾಯಿಯ ಮಾತು ಕೇಳಿದಾಗ ಆ ದಿನ ಕಣ್ಣಮುಂದೆ ಬಂತು.

ಇನ್ನೂ ಒಂದು ಸೋಜಿಗವಿದೆ. ಪರ್ಷಿಯಾ, ತುರ್ಕಿ ದೇಶಗಳ ರತ್ನಗಂಬಳಿಗಳಲ್ಲಿ ಒಂದೇ ಬಣ್ಣ ಸಾಲಿನಿಂದ ಸಾಲಿಗೆ ಏರಿಳಿಯುವುದುಂಟು. ನೂಲನ್ನು ಬೇರೆ ಬೇರೆ ಪಾಕಗಳಲ್ಲಿ ಅದ್ದಿದ್ದರಿಂದ ಆಗುವ ವ್ಯತ್ಯಾಸ ಅದು. ವ್ಯಾಪಾರಿಗಳು ಅದನ್ನು ಅಬ್ರಶ್ ಎಂದು ಹೆಸರಿಟ್ಟು ಕರೆಯುತ್ತಾರೆ. ಬಲ್ಲವರು ಅದನ್ನೇ ಮೆಚ್ಚಿ ಕೊಳ್ಳುತ್ತಾರೆ. ಮಾರುವವನ ಕೈಯಲ್ಲಿ ಶೋಭೆಯಾಗುವ ಗುಣವೇ ಬಣ್ಣ ಹಾಕುವವಳ ಕೈಯಲ್ಲಿ ದೋಷವಾಗುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬಂತೆ, ಕೊಳ್ಳುವವನ ರುಚಿಗೂ ಮಾರುವವನ ಲಾಭಕ್ಕೂ ನಡುವೆ ಬಡವಾಗುವುದು ಕೊಪ್ಪರಿಗೆಯ ಮುಂದಿನ ಹೆಣ್ಣು.

ಗಿಡದ ಬಣ್ಣವೆಲ್ಲ ಪುಣ್ಯವಲ್ಲ

ಹಾಗೆಂದು ಗಿಡದ ಬಣ್ಣವನ್ನು ದೇವರ ಪ್ರಸಾದವೆಂದು ತಲೆಯ ಮೇಲೆ ಹೊತ್ತುಕೊಳ್ಳುವುದೂ ಸರಿಯಲ್ಲ. ನಾವು ಬದುಕುತ್ತಿರುವ ಈ ಪಟ್ಟಣದ ಕಥೆಯನ್ನೇ ನೋಡಬಹುದು. 1639ರಲ್ಲಿ ಇಂಗ್ಲಿಷ್ ಕಂಪೆನಿ ಇಲ್ಲಿ ನೆಲ ಪಡೆದದ್ದು ಈ ತೀರದ ಬಣ್ಣದ ಬಟ್ಟೆಗಾಗಿ. ಮರಳುನೆಲದಲ್ಲಿ ಬೆಳೆಯುವ ಸಾಯವೇರು ಎಂಬ ಗಿಡದ ಬೇರಿನಿಂದ ಇಲ್ಲಿಯವರು ಕಟ್ಟುತ್ತಿದ್ದ ಕೆಂಪು ಸಮುದ್ರದಾಚೆಗೂ ಹೆಸರಾಗಿತ್ತು. 1734ರಲ್ಲಿ ಗವರ್ನರ್ ಪಿಟ್ ಕೂವಂ ನದಿಯ ಬಳಿ ನೇಕಾರರನ್ನು ನೆಲೆಗೊಳಿಸಿದ. ಚಿನ್ನ ತರಿ ಪೇಟ್ಟೈ, ಎಂದರೆ ಸಣ್ಣ ಮಗ್ಗಗಳ ಪೇಟೆ; ಇಂದಿನ ಚಿಂತಾದ್ರಿಪೇಟೆ. ಬಟ್ಟೆ ಒಗೆದು ಬಿಳುಪು ಮಾಡುವವರಿಂದ ವಣ್ಣಾರಪೇಟೆಗೆ ಹೆಸರು ಬಂತು. ಆ ಪೇಟೆಗಳ ಹೆಸರು ಉಳಿದಿವೆ. ಹಡಗು ತುಂಬಿದ ಲಾಭದಲ್ಲಿ ಬೇರು ಕುಟ್ಟಿದವರ ಪಾಲೆಷ್ಟು?

ನೀಲಿಯ ಕಥೆ ಇನ್ನೂ ಕಹಿ. 1859-60ರಲ್ಲಿ ಬಂಗಾಳದ ರೈತರು ನೀಲಿ ಬೆಳೆಯುವುದಿಲ್ಲವೆಂದು ಬಂಡೆದ್ದರು. ಬಿಹಾರದ ಚಂಪಾರಣದಲ್ಲಿ ರೈತ ತನ್ನ ಹೊಲದ 20 ಪಾಲಿನಲ್ಲಿ 3 ಪಾಲನ್ನು ತೋಟದ ದೊರೆಗಳ ನೀಲಿಗೆ ಬಿಡಲೇಬೇಕಿತ್ತು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿ ನಿಂತದ್ದು ಆ ಅನ್ಯಾಯದ ವಿರುದ್ಧ. ಅದೂ ಗಿಡದ ಬಣ್ಣವೇ, ಅಪ್ಪಟ ನ್ಯಾಚುರಲ್.

1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಎಂಬ ಹುಡುಗ ಡಾಂಬರಿನ ವಸ್ತುವಿನಿಂದ ನೇರಳೆ ಬಣ್ಣ ಮಾಡಿದ. ಹದಿಮೂರು ವರ್ಷಗಳೊಳಗೆ ಮಂಜಿಷ್ಠದ ಜಾತಿಯ ಬೇರಿನ ಕೆಂಪನ್ನು ಪ್ರಯೋಗಶಾಲೆಯಲ್ಲಿ ಮಾಡಿದರು. 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಪೇಟೆಗೆ ಬಂತು. ಹಳ್ಳಿಯ ಬಣ್ಣಗಾರರು ಕೆಲಸ ಕಳೆದುಕೊಂಡರು. ಉತ್ತರ ಕರ್ನಾಟಕದಲ್ಲಿ ಬಣ್ಣಗಾರ, ನೀಲಗಾರ ಎಂಬ ಅಡ್ಡಹೆಸರುಗಳು ಇಂದಿಗೂ ಇವೆ. ಕಸುಬು ಹೋಗಿ ಹೆಸರು ಉಳಿದಿದೆ.

ಹೊಸ ಬಣ್ಣವೂ ಮೊದಲು ಹೊಡೆದದ್ದು ದುಡಿಯುವವನನ್ನೇ. 1895ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ರೇನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗಡ್ಡೆಗಳನ್ನು ಕಂಡು ಜಗತ್ತಿಗೆ ತಿಳಿಸಿದ. ಬೆಂಜಿಡೀನಿನಿಂದಾಗುವ ಬಣ್ಣಗಳನ್ನೂ ಅಪಾಯಕರವಾದ ಇತರ ಕೆಲವು ಬಣ್ಣಗಳನ್ನೂ ನಮ್ಮ ದೇಶ ನಿಷೇಧಿಸಿದ್ದು 1990ರ ದಶಕದಲ್ಲಿ. ನಡುವೆ ಕಳೆದ ನೂರು ವರ್ಷ ಯಾರ ಆಯುಸ್ಸು? ನಮ್ಮ ತಮಿಳುನಾಡಿನಲ್ಲೇ ತಿರುಪ್ಪೂರಿನ ಬಣ್ಣದ ನೀರು ನೊಯ್ಯಲ್ ಹೊಳೆಯನ್ನು ಕೆಡಿಸಿ, ಕೆಳಗಿನ ರೈತರ ಹೊಲ ಹಾಳಾಗಿ, 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಅಲ್ಲಿಯ ಬಣ್ಣದ ಘಟಕಗಳನ್ನು ಮುಚ್ಚಲು ಆಜ್ಞೆ ಮಾಡಿತು. ಆಗ ಕೆಲಸ ಹೋದದ್ದೂ ಕೂಲಿಕಾರನದೇ. ಹೊಳೆ ಕೆಟ್ಟರೂ ನಮಗೆ ಪೆಟ್ಟು, ಘಟಕ ಮುಚ್ಚಿದರೂ ನಮಗೆ ಪೆಟ್ಟು.

ಆದುದರಿಂದ ಬೇರಿನ ಬಣ್ಣ ಬೇಕೆನ್ನುವವರ ಕಾಳಜಿ ಸುಳ್ಳೆಂದು ನಾವು ಹೇಳುವುದಿಲ್ಲ. ಹೊಳೆಗೂ ಒಳ್ಳೆಯದು, ಕೈಗೂ ಒಳ್ಳೆಯದು, ಸರಿಯಾಗಿ ಮಾಡಿದರೆ. ಸರಿಯಾಗಿ ಎಂಬ ಮಾತಿಗೆ ಬೆಲೆ ಇದೆ. ಬಣ್ಣ ಗಟ್ಟಿಯಾಗಲೆಂದು ಕೆಲವರು ಅಡಿಕೆಗೆ ಸಿಂಪಡಿಸುವ ಮೈಲುತುತ್ತವನ್ನೋ ಕ್ರೋಮಿನ ಉಪ್ಪನ್ನೋ ಹಾಕುವುದುಂಟು. ಕ್ರೋಮು ಚರ್ಮಕ್ಕೂ ಶ್ವಾಸಕ್ಕೂ ಕೆಟ್ಟದ್ದು. ಅಂಥದನ್ನು ಹಾಕಿ ಚೀಟಿಯಲ್ಲಿ ದಾಳಿಂಬೆಯ ಚಿತ್ರ ಬರೆದರೆ ಆಗಲಿಲ್ಲ.

ಮಾಡಿ ತೋರಿಸಿದವರಿದ್ದಾರೆ

ಕೂಲಿಯೂ ಬಣ್ಣವೂ ಎರಡೂ ಉಳಿಯಬಹುದೇ? ಉಳಿಸಲು ದುಡಿದವರಿದ್ದಾರೆ. ತುರ್ಕಿಯ ಪಶ್ಚಿಮದ ಹಳ್ಳಿಗಳಲ್ಲಿ 1981ರಿಂದ ಡೋಬಾಗ್ ಎಂಬ ಯೋಜನೆ ನಡೆಯಿತು. ಹಳೆಯ ರತ್ನಗಂಬಳಿಗಳ ಬಣ್ಣ ಯಾವ ಗಿಡದ್ದೆಂದು ಹರಾಲ್ಡ್ ಬೋಮರ್ ಎಂಬ ಜರ್ಮನ್ ಶಿಕ್ಷಕ ಪರೀಕ್ಷಿಸಿ ಕಂಡುಕೊಂಡ. ಇಸ್ತಾಂಬುಲಿನ ವಿಶ್ವವಿದ್ಯಾಲಯವೊಂದು ಬೆಂಬಲಕ್ಕೆ ನಿಂತಿತು. ಮರೆತುಹೋಗಿದ್ದ ವಿದ್ಯೆ ಹಳ್ಳಿಗೆ ಮರಳಿತು. ಅಲ್ಲಿಯವರು ಸಹಕಾರ ಸಂಘ ಕಟ್ಟಿ ನೇಯ್ದು ಮಾರಿದರು. ವಿದ್ಯೆ ಕೊಟ್ಟವರು ಅದನ್ನು ವ್ಯಾಪಾರಿಯ ಕೈಗೆ ಕೊಡದೆ ಸಂಘದ ಕೈಗೆ ಕೊಟ್ಟರು ಎಂಬುದೇ ಅದರಲ್ಲಿ ನಾವು ಕಲಿಯಬೇಕಾದದ್ದು.

ನಮ್ಮಲ್ಲೂ ಇದೆ. ಸಾಗರ ತಾಲೂಕಿನ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಹುಟ್ಟಿದ ಚರಕ ಎಂಬ ಮಹಿಳಾ ಸಹಕಾರ ಸಂಘ ಕೈಮಗ್ಗದ ಬಟ್ಟೆಗೆ ಗಿಡದ ಬಣ್ಣ ಹಾಕಿ ಹೆಸರು ಪಡೆಯಿತು. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರು ಅಲ್ಲಿ ಬಣ್ಣವಾಗುತ್ತದೆ. 2017ರಲ್ಲಿ ಕೈಯುತ್ಪನ್ನಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ ಅವರು ಸತ್ಯಾಗ್ರಹ ಹೂಡಿದ್ದೂ ಓದುಗರಿಗೆ ನೆನಪಿರಬಹುದು. 2020ರಲ್ಲಿ ಸರಕು ಮಾರದೆ ಉಳಿದು, ಆ ಸಂಘ ದಿವಾಳಿಯ ಅಂಚಿಗೆ ಬಂದ ಸುದ್ದಿಯನ್ನೂ ನಾವು ಓದಿದೆವು. ಒಳ್ಳೆಯ ಬಣ್ಣ, ಒಳ್ಳೆಯ ಸಂಘ ಎರಡೂ ಇದ್ದರೂ ಕೊಳ್ಳುವವರು ಮುಂದೆ ಬಾರದಿದ್ದರೆ ಏನಾಗುತ್ತದೆಂಬುದಕ್ಕೆ ಅದು ಸಾಕ್ಷಿ. ಕೊಳ್ಳುವವರೆಂದರೆ ಯಾರು? ನಮ್ಮಂಥ ಸಂಘಗಳೂ ಅದರಲ್ಲಿ ಸೇರಿವೆ.

ಕೈಕಸುಬುಗಳನ್ನು ಸಹಕಾರದ ಮೇಲೆ ನಿಲ್ಲಿಸಬೇಕೆಂದು ಜೀವಮಾನವಿಡೀ ದುಡಿದ ಕಮಲಾದೇವಿ ಚಟ್ಟೋಪಾಧ್ಯಾಯರು 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ನಮ್ಮ ಕರಾವಳಿಯ ಮಗಳು. ಇದೇ ಚೆನ್ನೈಯ ಪೆರಂಬೂರಿನ ಬಕಿಂಗ್‌ಹ್ಯಾಂ, ಕಾರ್ನಾಟಿಕ್ ಮಿಲ್ಲುಗಳ ಕೆಲಸಗಾರರು ಕೂಡಿ 1918ರ ಏಪ್ರಿಲ್ 27ರಂದು ಮದರಾಸು ಲೇಬರ್ ಯೂನಿಯನ್ ಕಟ್ಟಿದರು. ಬಟ್ಟೆಯ ಕೂಲಿಯನ್ನು ಕೇಳುವ ಸಂಪ್ರದಾಯ ಈ ಊರಿಗೆ ನೂರು ವರ್ಷದ್ದು. ಮಿಲ್ಲಿನೊಳಗಿನವರಿಗಾಗಿ ಕೇಳಿದ್ದನ್ನು ಮನೆಯೊಳಗಿನ ಮಗ್ಗದವರಿಗಾಗಿಯೂ ನಾವು ಕೇಳಬೇಡವೇ?

ಆಕ್ಷೇಪಗಳು

ಬಡವರ ಸಂಘಕ್ಕೆ ಇಷ್ಟು ದುಬಾರಿಯ ಹಾಸು ಏಕೆಂದು ಕೇಳುವವರಿಗೆ ನಮ್ಮ ಉತ್ತರ ಸರಳ. ಅಗ್ಗದ ಚಾಪೆ ವರ್ಷಕ್ಕೊಮ್ಮೆ ಹರಿಯುತ್ತದೆ. ಹರಿದುಹೋದ ನಮ್ಮ ಹಳೆಯ ಜಮಖಾನ ಎಷ್ಟು ವರ್ಷ ಬಾಳಿತೆಂದು ಹಿರಿಯ ಸದಸ್ಯರನ್ನು ಕೇಳಿ ನೋಡಿ. ಅಗ್ಗದ ವಸ್ತುವಿನಲ್ಲಿ ಉಳಿಯುವ ದುಡ್ಡು ಯಾರದೋ ಕೂಲಿಯಿಂದ ಕತ್ತರಿಸಿದ್ದು. ನಮ್ಮ ಸಂಬಳ ಕತ್ತರಿಸಿ ಊಟದ ದರ ಇಳಿಸಿದರೆ ಒಪ್ಪುತ್ತೇವೆಯೇ?

ಇನ್ನು ಕೆಲವು ತರುಣರು, ನಮ್ಮ ಹೊಟೇಲುಗಳಲ್ಲಿ ದಿನವೂ ಮೂಟೆಗಟ್ಟಲೆ ನೀರುಳ್ಳಿ ಸಿಪ್ಪೆ, ಹಣ್ಣಿನಂಗಡಿಗಳಲ್ಲಿ ದಾಳಿಂಬೆ ಸಿಪ್ಪೆ ಕಸಕ್ಕೆ ಹೋಗುತ್ತಿದೆ. ಅದರಿಂದಲೂ ಬಣ್ಣ ಬರುತ್ತದಲ್ಲ, ಕಳಿಸಿಕೊಡೋಣ ಎನ್ನುತ್ತಾರೆ. ಯೋಚನೆ ಚೆನ್ನಾಗಿದೆ. ದಾಳಿಂಬೆ ಸಿಪ್ಪೆಯಲ್ಲಿ ಒಗರು ಹೆಚ್ಚಾಗಿರುವುದರಿಂದ ಅದರ ಹಳದಿ ಹತ್ತಿಗೆ ಚೆನ್ನಾಗಿ ಹಿಡಿಯುತ್ತದೆ. ನೀರುಳ್ಳಿ ಸಿಪ್ಪೆಯ ಬಣ್ಣ ಬಿಸಿಲಿಗೆ ಅಷ್ಟು ತಡೆಯದು. ಆದರೆ ಒಂದು ಮಾತು: ಸಿಪ್ಪೆಯನ್ನು ಬೇರೆ ಮಾಡಿ, ಒಣಗಿಸಿ, ಮೂಟೆ ಕಟ್ಟುವವನು ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸುವ ಕ್ಲೀನರ್ ಹುಡುಗನೇ. ಅವನಿಗೆ ಓವರ್‌ಟೈಮ್ ಬರೆದುಕೊಡುವುದಾದರೆ ಈ ಯೋಜನೆಗೆ ನಮ್ಮ ಒಪ್ಪಿಗೆ ಇದೆ. ಒಬ್ಬರ ಬಿಟ್ಟಿ ದುಡಿಮೆಯಿಂದ ಇನ್ನೊಬ್ಬರ ಬಣ್ಣ ಶುದ್ಧವಾಗದು.

ಮಹಾಸಭೆಯ ಮುಂದೆ

ನಮ್ಮ ಸೂಚನೆಗಳು ಇಷ್ಟು. ಜಮಖಾನವನ್ನು ನವಲಗುಂದದ ನೇಕಾರ ಹೆಂಗಸರಿಂದ ನೇರವಾಗಿ ನೇಯಿಸೋಣ. ನೂಲಿಗೂ ಬಣ್ಣಕ್ಕೂ ಅವರು ಸಾಲ ಮಾಡದಂತೆ ಅರ್ಧ ಹಣವನ್ನು ಮುಂಗಡ ಕೊಡೋಣ. ಗಿಡದ ಬಣ್ಣ ಹಾಕಬೇಕೋ ಬೇಡವೋ ಎಂಬುದನ್ನು ಅವರಿಗೇ ಬಿಡೋಣ. ಹಾಕುವುದಾದರೆ ಬಣ್ಣದ ದಿನಗಳ ಕೂಲಿಯನ್ನು ನೇಯ್ಗೆಯ ಕೂಲಿಯಲ್ಲಿ ಮುಳುಗಿಸದೆ ಬೇರೆಯಾಗಿ ಲೆಕ್ಕಹಾಕಿ ಕೊಡೋಣ. ಮಳೆಯಿಂದ ನಿಂತ ದಿನವೂ ಲೆಕ್ಕದಲ್ಲಿರಲಿ. ಒಂದು ಕೆಂಪಿಗೂ ಇನ್ನೊಂದು ಕೆಂಪಿಗೂ ವ್ಯತ್ಯಾಸ ಬಂದರೆ ಮಾಲು ಹಿಂದಿರುಗಿಸುವುದಿಲ್ಲವೆಂದು ಮೊದಲೇ ಬರೆದುಕೊಡೋಣ. ರಾಜ್ಯೋತ್ಸವಕ್ಕೆ ಆಗದಿದ್ದರೆ ಯುಗಾದಿಗೆ ಹಾಸೋಣ. ಅವಸರ ಮಾಡುವುದು ಬೇಡ. ಜಮಖಾನ ಬಂದ ದಿನ ಬಣ್ಣ ಹಾಕಿದವರ, ನೇಯ್ದವರ ಹೆಸರುಗಳನ್ನು, ಅವರು ಒಪ್ಪಿದರೆ, ಸಭೆಯಲ್ಲಿ ಓದೋಣ.

ಇದಕ್ಕೆ ಹೆಚ್ಚು ಹಣ ಬೇಕೆಂಬುದು ನಿಜ. ಖಜಾಂಚಿಗಳ ಕಷ್ಟ ನಮಗೆ ತಿಳಿಯದ್ದಲ್ಲ. ಸದಸ್ಯರೊಬ್ಬೊಬ್ಬರು ತಿಂಗಳಿಗೆ ಒಂದು ಕಾಫಿಯ ದುಡ್ಡನ್ನು ತೆಗೆದಿಟ್ಟರೆ ಹೊಂದಿಕೆಯಾಗುತ್ತದೆ. ಮೊದಲ ಕಂತನ್ನು ನಾವು ಆಗಲೇ ಅವರ ಕೈಯಲ್ಲಿಟ್ಟು ರಶೀದಿ ಪಡೆದಿದ್ದೇವೆ.

ನಾಳೆ ನಮ್ಮ ಮಕ್ಕಳು ಆ ಜಮಖಾನದ ಮೇಲೆ ಕುಳಿತು, ಇಲ್ಲಿಯ ಕೆಂಪು ಏಕೆ ತೆಳುವಾಗಿದೆ ಎಂದು ಕೇಳಬಹುದು. ಆ ದಿನ ನವಲಗುಂದದಲ್ಲಿ ಮೋಡ ಕವಿದಿತ್ತು, ಆದರೂ ಆ ತಾಯಿಗೆ ಕೂಲಿ ಪೂರ್ತಿ ಸಂದಿತ್ತು ಎಂದು ಹೇಳುವ ಯೋಗ್ಯತೆ ನಮಗಿರಬೇಕು. ಬಂಧುಗಳು ಯೋಚಿಸಿ ಮಹಾಸಭೆಗೆ ತಪ್ಪದೆ ಬರಬೇಕೆಂದು ವಿನಂತಿ.